ಮರೆವಿನ ಪರೀಕ್ಷೆ ಯಾವ ಭಾಷೆಯಲ್ಲಿ?

"ಕೇರಳದಲ್ಲಿದ್ದೀರಿ, ಮಲಯಾಳದಲ್ಲಿ ಕೇಳಿ. ಕನ್ನಡದವರು ಅಂತೀರಿ, ಹಾಗಾದ್ರೆ ಕನ್ನಡದಲ್ಲಿ ಕೇಳಿ. ಮುದುಕರ ಮರೆವು ನೋಡೋದಕ್ಕೆ ಇಷ್ಟು ರಾಮಾಯಣ ಯಾಕೆ?" ಎಂದು ಬೆಂಗಳೂರಿನಲ್ಲಿ ಕೂತು, ಗಡಿಜಿಲ್ಲೆ ಕಾಸರಗೋಡಿನಲ್ಲಿ ಮರೆವಿನ ಪರೀಕ್ಷೆ ಮಾಡುವ ನಮ್ಮನ್ನು ಕೇಳಿದೆಯಲ್ಲ, ಉತ್ತರ ಸ್ವಲ್ಪ ಉದ್ದ ಉಂಟು ಮಾರಾಯ.

ಮರೆವು ಅಳೆಯುವ ಪ್ರಶ್ನೆಗಳ ಫಾರ್ಮುಗಳಿಗೆ ಬರವಿಲ್ಲ. 30 ಅಂಕದ ಎಂಎಂಎಸ್‌ಇ ಎಂಬುದು 1975ರಿಂದ ಚಾಲ್ತಿಯಲ್ಲಿದೆ, ಮೋಕಾ ಎಂಬುದು 2005ರಿಂದ. 100 ಅಂಕದ ಆಡನ್‌ಬ್ರೂಕ್ಸ್ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಗಳಲ್ಲಿ ಪರೀಕ್ಷೆಗಳ ಒಂದು ಕಟ್ಟನ್ನೇ ಸಿದ್ಧಮಾಡಿದೆ. ಐದರಲ್ಲಿ ಎರಡು ನಮ್ಮ ಕಾಸರಗೋಡಿನ ಪಾಲು. ಆದರೆ ಕುಂಬಳೆ, ಬದಿಯಡ್ಕ ಕಡೆಯ ಎಂಬತ್ತರ ಅಜ್ಜಿಗೆ ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ರೇಷನ್ ಅಂಗಡಿಯಲ್ಲಿ ಮಲಯಾಳ. ಯಾವ ಫಾರ್ಮು ತೆಗೆಯುತ್ತೀ?

ಮೊದಲ ಪ್ರಶ್ನೆಯಲ್ಲೇ ಎಡವಟ್ಟು. "ಇದು ಯಾವ ರಾಜ್ಯ, ಯಾವ ಜಿಲ್ಲೆ?" 1956ರ ನವೆಂಬರ್ 1ರ ಮೊದಲು ಈ ನೆಲ ದಕ್ಷಿಣ ಕನ್ನಡ, ಆಮೇಲೆ ಕೇರಳದ ಕಣ್ಣೂರು, 1984ರಿಂದ ಕಾಸರಗೋಡು. ಮನೆ ಬಿಟ್ಟು ಕದಲದೆ ಮೂರು ಜಿಲ್ಲೆ ಕಂಡವರು "ದಕ್ಷಿಣ ಕನ್ನಡ" ಎಂದರೆ ಅದು ಮರೆವೋ ಹಠವೋ? ಹಠಕ್ಕೆ ಅಂಕ ಕಳೆಯುವ ಹಾಗಿಲ್ಲ. ಕೂಡಲೇ ಇನ್ನೊಂದು ಕೇಳಬೇಕು: ಪಂಚಾಯತ್ ಯಾವುದು, ಪೆನ್ಶನ್ ಯಾವ ಸರಕಾರದ್ದು? "ಕೇರಳದ್ದೇ, ಮತ್ತೆಂತ!" ಎಂದು ಸಿಡುಕಿದರೆ ಸ್ಥಳದ ಪ್ರಜ್ಞೆಗೇನೂ ಆಗಿಲ್ಲ. ತಿಂಗಳು ಕೇಳಿದಾಗ "ಆಟಿ" ಎಂದರೂ ಹಾಗೆಯೇ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು ಅದು, ಮಲಯಾಳದವರ ಕರ್ಕಟಕ. ಸಂಕ್ರಮಣದಿಂದ ಎಷ್ಟು ದಿನ ಹೋಯಿತು ಎಂದೂ ಹೇಳಬಲ್ಲವರಿಗೆ ಸೊನ್ನೆ ಹಾಕುವ ಮೊದಲು ಕ್ಯಾಲೆಂಡರ್ ನೋಡು.

ನಾವು ದಿನಾ ಗುದ್ದಾಡುವುದು ಒಂದು ನಿಮಿಷದ ಪ್ರಶ್ನೆಯ ಜೊತೆ. 60 ಸೆಕೆಂಡಿನಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಬೇಕು. ಪರೀಕ್ಷಕನಿಗೆ ಒಂದೇ ಭಾಷೆ ಗೊತ್ತಿದ್ದರೆ ತುಳುವಿನ ಪೆತ್ತ (ದನ), ಪುಚ್ಚೆ (ಬೆಕ್ಕು), ಪಂಜಿ (ಹಂದಿ) ಎಲ್ಲ ಬಿಟ್ಟುಹೋಗುತ್ತವೆ, ಫಾರ್ಮಿನಲ್ಲಿ "ಪದ ಸಿಗುತ್ತಿಲ್ಲ" ಎಂದು ಷರಾ ಬೀಳುತ್ತದೆ. ಎಲ್ಲ ಭಾಷೆ ಬಲ್ಲ ಉದಾರಿಯೊಬ್ಬ ಬೆಕ್ಕು, ಪುಚ್ಚೆ, ಮಲಯಾಳದ ಪೂಚ್ಚ ಮೂರಕ್ಕೂ ಅಂಕ ಕೊಟ್ಟರೆ ಅದೂ ತಪ್ಪು. ಯಾವ ಭಾಷೆಯಲ್ಲಾದರೂ ಸರಿ, ಪ್ರಾಣಿ ಒಂದಕ್ಕೆ ಅಂಕ ಒಂದೇ. ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆಯಬೇಕು, 15 ಸೆಕೆಂಡಿಗೊಮ್ಮೆ ಗೆರೆ ಎಳೆಯಬೇಕು. ಆಗಲೇ ಹೇಳಿದ ಪ್ರಾಣಿಯನ್ನು ಅದೇ ಭಾಷೆಯಲ್ಲಿ ಮತ್ತೆ ಮತ್ತೆ ಹೇಳಿಯೂ ಅವರಿಗೆ ಅದರ ಅರಿವಿಲ್ಲದಿದ್ದರೆ ಅದನ್ನು ಗುರುತು ಹಾಕಿಕೋ. ಭಾಷೆ ಬದಲಿಸಿದ್ದನ್ನು ದೋಷವೆಂದು ಬರೆಯಬೇಡ.

ಅಕ್ಷರದ ಪ್ರಶ್ನೆ ಇನ್ನೂ ಮೋಜಿನದ್ದು. "ಪ"ದಿಂದ ಶುರುವಾಗುವ ಪದ ಹೇಳಿ ಎಂದರೆ ಕನ್ನಡದ ಅಜ್ಜನಿಗೆ ಕಷ್ಟ, ಹಳಗನ್ನಡದ ಪಕಾರ ಎಷ್ಟೋ ಕಡೆ ಹಕಾರವಾಗಿಬಿಟ್ಟಿದೆ: ಹಾಲು, ಹೂವು, ಹುಲಿ, ಹಂದಿ. ತುಳು, ಮಲಯಾಳದವರಿಗೆ ಪ ಧಾರಾಳ. ಒಂದು ಭಾಷೆಯ ಸರಾಸರಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಒಬ್ಬನಿಗೆ ಇಲ್ಲದ ಕಾಯಿಲೆ ಬರುತ್ತದೆ, ಇನ್ನೊಬ್ಬನ ಇರುವ ಕಾಯಿಲೆ ಮುಚ್ಚಿಹೋಗುತ್ತದೆ.

ಓದು, ಬರಹ, ಗಡಿಯಾರದ ಚಿತ್ರ ಎಲ್ಲ ಕಡೆಯ ಹಾಗೆಯೇ. ಶಾಲೆಗೆ ಹೋಗದವರಿಗೆ ಪೆನ್ನು ಹಿಡಿಯುವುದೇ ಪರೀಕ್ಷೆ. ಮೋಕಾದಲ್ಲಿ 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುವ ಪದ್ಧತಿಯಿದೆ. ಎರಡನೇ ಕ್ಲಾಸಿಗೇ ತೋಟಕ್ಕಿಳಿದವರಿಗೆ ಆ ಒಂದು ಅಂಕ ಯಾವ ಮೂಲೆಗೆ? ಕನ್ನಡ ಶಾಲೆಯಲ್ಲಿ ಕಲಿತವರ ಮುಂದೆ ಮಲಯಾಳದ ಫಾರ್ಮು ಹಿಡಿದು "ಓದಲು ಬರುವುದಿಲ್ಲ" ಎಂದು ಬರೆದುಕೊಳ್ಳುವುದಂತೂ ನಮಗೆ ಹೊಸತಲ್ಲ, ಅದು ಆಸ್ಪತ್ರೆಗಷ್ಟೇ ಸೀಮಿತವೂ ಅಲ್ಲ.

ನೀನು ಹೇಳಿದೆ, "ಇಷ್ಟು ಭಾಷೆ ಕಲಸಿ ಮಾತಾಡಿದ್ರೆ ಮರೆವು ಗೊತ್ತಾಗೋದು ಹೇಗೆ?" ಗೊತ್ತಾಗುತ್ತದೆ. ಕಲಸುವುದಕ್ಕೂ ನಮ್ಮಲ್ಲಿ ಲೆಕ್ಕ ಉಂಟು. ಕಂಡಕ್ಟರನಿಗೆ ಮಲಯಾಳ, ಕೆಲಸದಾಳಿಗೆ ತುಳು, ಪುರೋಹಿತರಿಗೆ ಕನ್ನಡ. ಎದುರಿನ ಮುಖ ನೋಡಿ ನಾಲಿಗೆ ತಾನೇ ತಿರುಗುತ್ತದೆ. ಕೊಂಕಣಿ ಗೊತ್ತೇ ಇಲ್ಲದ ಕಂಡಕ್ಟರನ ಜೊತೆ ಕೊಂಕಣಿ ಶುರುಮಾಡಿ, ಅವನು ಕಣ್ಣುಕಣ್ಣು ಬಿಟ್ಟರೂ ಅವರಿಗೆ ತೋಚದೆ ಅದೇ ಮುಂದುವರಿದರೆ, ಆಗ ವೈದ್ಯರ ಹತ್ತಿರ ಹೋಗಬೇಕು. ಈ ಮಾತು ಮನೆಯವರ ಬಾಯಿಂದಲೇ ಬರಬೇಕು. ಹಣದ ಲೆಕ್ಕ, ಮಾತ್ರೆ ತೆಗೆದುಕೊಳ್ಳುವುದು, ದಾರಿ ತಪ್ಪುವುದು ಕೇಳುವಾಗ ಇದನ್ನೂ ಕೇಳಬೇಕು.

ಬಹುಭಾಷೆಯ ಜಂಬವೂ ನಮಗೆ ಸ್ವಲ್ಪ ಉಂಟು, ಸುಳ್ಳಲ್ಲ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದು ಬರಹ ಇಲ್ಲದವರಲ್ಲೂ. ಆದರೆ ಎರಡರ ಮೇಲಿನ ಭಾಷೆಗಳಿಗೆ ಹೆಚ್ಚುವರಿ ಲಾಭ ಕಾಣಲಿಲ್ಲ. ನಮ್ಮ ಮೂರನೆಯ, ನಾಲ್ಕನೆಯ ಭಾಷೆಗೆ ಬೋನಸ್ ಇಲ್ಲ!

ನಿನ್ನ ದೊಡ್ಡಮ್ಮನನ್ನು ಕರೆತರುವುದಾದರೆ ಕನ್ನಡಕ, ಕಿವಿಯ ಮೆಷಿನ್, ತೆಗೆದುಕೊಳ್ಳುವ ಮಾತ್ರೆಗಳೆಲ್ಲ ಜೊತೆಗಿರಲಿ. ಕಿವಿ ಕೇಳದಿದ್ದರೂ ಅಂಕ ಬೀಳುತ್ತದೆ. ನಿದ್ದೆ ಮಾತ್ರೆ, ಖಿನ್ನತೆ, ಥೈರಾಯ್ಡ್, ಬಿ12 ಕೊರತೆಯಿಂದಲೂ ಬೀಳುತ್ತದೆ. ಅಂಕ ಕಡಿಮೆ ಬಂತೆಂದು ರೋಗ ನಿಶ್ಚಯವಾಗುವುದಿಲ್ಲ, ರಕ್ತಪರೀಕ್ಷೆ, ಸ್ಕ್ಯಾನ್ ಆಮೇಲೆ ಇದ್ದೇ ಉಂಟು. ಪಕ್ಕದಲ್ಲಿ ಕೂತು ಪಿಸುಗುಟ್ಟಿ ಉತ್ತರ ಹೇಳಿಕೊಡಬೇಡ.

ಮತ್ತೆ, ಈ ಸಲ ಪರೀಕ್ಷೆ ಯಾವ ಭಾಷೆಯಲ್ಲಾಯಿತೆಂದು ವರದಿಯಲ್ಲಿ ಬರೆಸಿಕೋ. ಮಂಗಳೂರಿನಲ್ಲಿ ಕನ್ನಡದಲ್ಲಿ 25 ಬಂದವರಿಗೆ ಆರು ತಿಂಗಳ ಮೇಲೆ ಇಲ್ಲಿ ಮಲಯಾಳದಲ್ಲಿ 20 ಬಂದರೆ, ಆ ಐದು ಅಂಕ ಎರಡು ರಾಜ್ಯಗಳ ಗಡಿಯ ತಲಪಾಡಿ ಗೇಟಿನಲ್ಲಿ ಬಿದ್ದಿರಲೂಬಹುದು. ಫಾರ್ಮಿನಲ್ಲಿ ಭಾಷೆಗೆ ಇರುವುದು ಒಂದೇ ಗೆರೆ. ಅದರಲ್ಲಿ ಹಿಡಿಸದಿದ್ದರೆ ಅಂಚಿನಲ್ಲಿ ಬರೆಯಲಿ: ಮನೆಮಾತು ತುಳು, ಲೆಕ್ಕ ಕನ್ನಡ, ಪೇಟೆಗೆ ಮಲಯಾಳ, ಕೇಳಿದ್ದು ತುಳುವಿನಲ್ಲಿ, ಓದಿಸಿದ್ದು ಕನ್ನಡದಲ್ಲಿ.