ಕಾಯಂ ವಾಸಕ್ಕೆ ಎ1 ಸಾಕು, ಶಾಲೆಯ ಪತ್ರಕ್ಕೆ?

ಪ್ರಶ್ನೆ: ಬ್ಲೂ ಕಾರ್ಡ್ (ನುರಿತ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ) ಮೇಲೆ ಮ್ಯೂನಿಕ್‌ಗೆ ಬಂದು ಒಂದೂವರೆ ವರ್ಷವಾಯಿತು. ಸಾಫ್ಟ್‌ವೇರ್ ಕೆಲಸ, ಕಚೇರಿಯಲ್ಲಿ ಎಲ್ಲವೂ ಇಂಗ್ಲಿಷ್. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಜರ್ಮನ್ ಭಾಷೆಯ ಮೊದಲ ಹಂತವಾದ ಎ1 ಪರೀಕ್ಷೆ ಪಾಸಾಗಿದ್ದೇನೆ. ಕಾಯಂ ವಾಸಕ್ಕೆ ಅಷ್ಟು ಸಾಕು, ಇನ್ನೇಕೆ ಒದ್ದಾಟ ಎನ್ನುತ್ತಾರೆ ಪತಿ. ಆದರೆ ನಾಲ್ಕು ವರ್ಷದ ಮಗನ ಶಿಶುವಿಹಾರದ ಪೋಷಕರ ಸಭೆಯಲ್ಲಿ ನಾನು ಬಾಯಿ ಬಿಡದೆ ಕೂರಬೇಕಾಗುತ್ತದೆ. ನೀನೂ ಜರ್ಮನ್ ಕಲಿತರೆ ಮೊಮ್ಮಗನ ಕನ್ನಡ ಮುಗಿಯಿತು ಎಂದು ದಾವಣಗೆರೆಯಿಂದ ಅತ್ತೆ ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ: ಪತಿ ಹೇಳುವ ನಿಯಮ ಸರಿಯಾಗಿಯೇ ಇದೆ. ಬ್ಲೂ ಕಾರ್ಡ್‌ನವರು ಪಿಂಚಣಿ ವಂತಿಗೆ ಕಟ್ಟುತ್ತಾ 27 ತಿಂಗಳು ದುಡಿದರೆ ಎ1 ಇಟ್ಟುಕೊಂಡೇ ಕಾಯಂ ವಾಸ ಕೇಳಬಹುದು. ಎರಡು ಹಂತ ಮೇಲಿನ ಬಿ1 ಇದ್ದರೆ 21 ತಿಂಗಳಿಗೇ. ಆ ಆರು ತಿಂಗಳ ಲಾಭ ನಿಮಗೆ ಈಗ ದಕ್ಕುವುದು ಕಷ್ಟ, ಮರೆತುಬಿಡಿ.

ಆದರೂ ಕಲಿಯಿರಿ. ಎ1 ಎಂದರೆ ಹೆಸರು, ಊರು ಹೇಳಿ ಬ್ರೆಡ್ ಕೊಳ್ಳುವಷ್ಟು. ಇನ್ನೆರಡು ವರ್ಷಕ್ಕೆ ಮಗ ಶಾಲೆ ಸೇರುತ್ತಾನೆ. ನಿಮ್ಮ ಬವೇರಿಯಾ ರಾಜ್ಯದಲ್ಲಿ ನಾಲ್ಕನೇ ತರಗತಿಯಲ್ಲೇ ಜರಡಿ ಹಿಡಿಯುತ್ತಾರೆ: ಜರ್ಮನ್, ಗಣಿತ, ಪರಿಸರ ಪಾಠಗಳ ಸರಾಸರಿ ಶ್ರೇಣಿ 2.33 ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ (ಅಲ್ಲಿ 1 ಎಂದರೆ ಅತ್ಯುತ್ತಮ) ನೇರವಾಗಿ ವಿಶ್ವವಿದ್ಯಾಲಯದ ಹಾದಿಯ ಗಿಮ್ನಾಸಿಯಂ ಶಾಲೆಗೆ ಅರ್ಹತೆ. ಅಷ್ಟರೊಳಗೆ ಶಾಲೆಯಿಂದ ಬರುವ ಪತ್ರಗಳನ್ನೆಲ್ಲ ಯಾರು ಓದುತ್ತಾರೆ? ಮಗನೇ ಓದಿ ಹೇಳುವಂತಾದರೆ, ತನ್ನ ಮೇಲಿನ ದೂರುಗಳನ್ನು ಅವನು ಎಷ್ಟು ಪ್ರಾಮಾಣಿಕವಾಗಿ ಅನುವಾದಿಸಿಯಾನು!

ಅತ್ತೆಯವರ ಆತಂಕ ನಿಜವಾದದ್ದೇ. ಆದರೆ ಮನೆಯಲ್ಲಿ ಕನ್ನಡದ ಜಾಗವನ್ನು ಈಗಾಗಲೇ ಅರ್ಧ ನುಂಗಿರುವುದು ಇಂಗ್ಲಿಷ್. ಗೂಬೆ ಕೂರಿಸುತ್ತಿರುವುದು ಜರ್ಮನ್ ಮೇಲೆ! ಮನೆಯೊಳಗೆ ಪೂರ್ತಿ ಕನ್ನಡ ಎಂದು ನೀವಿಬ್ಬರೂ ನಿರ್ಧರಿಸಿ. ರಜೆಯ ದಿನ ಬೆಳಿಗ್ಗೆ ವಿಡಿಯೊ ಕರೆಯಲ್ಲಿ ಮೊಮ್ಮಗನಿಗೆ ಕಥೆ ಹೇಳುವ ಹೊಣೆಯನ್ನು ಅತ್ತೆಯವರಿಗೇ ಒಪ್ಪಿಸಿ.

ನಿಮ್ಮ ನಗರದ ವಯಸ್ಕರ ಶಿಕ್ಷಣ ಕೇಂದ್ರವಾದ ಫೋಕ್ಸ್‌ಹೋಖ್‌ಶೂಲೆಯಲ್ಲಿ ಸಂಜೆ ತರಗತಿಗಳಿವೆ. ಎ2ಗೆ ಹೆಸರು ಕೊಡಿ, ಬಿ1 ಆಮೇಲೆ. ಮುಂದೆ ಪೌರತ್ವ ಬೇಕೆನಿಸಿದರೆ ಹೇಗೂ ಬಿ1 ಕೇಳುತ್ತಾರೆ. ಸ್ಥಳೀಯ ಅಜ್ಜಂದಿರ ಬವೇರಿಯನ್ ಮಾತು ಆಗಲೂ ತಿಳಿಯದಿದ್ದರೆ ಕುಗ್ಗಬೇಡಿ, ಹ್ಯಾಂಬರ್ಗ್‌ನವರೂ ಅಲ್ಲಿ ತಡವರಿಸುತ್ತಾರೆ. ಪತಿ ಎ1ರಲ್ಲೇ ಸುಖವಾಗಿದ್ದರೆ ಇರಲಿ. ತರಗತಿಯ ಸಂಜೆಗಳಲ್ಲಿ ಮಗನಿಗೆ ಉಣಿಸಿ ಮಲಗಿಸುವ ಕೆಲಸ ಅವರದು ಎಂದು ಈಗಲೇ ಒಪ್ಪಿಸಿಕೊಳ್ಳಿ.