ಆ ಆರು ಸಾಲಿನಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ ‘ಪ್ರಕೃತಿಯೇ ಮೊದಲ ಪ್ರೋಗ್ರಾಮರ್’ ಲೇಖನವನ್ನು ಎರಡು ಸಲ ಓದಿದೆ. ಜೀವವಿಕಾಸದ ವಿಚಾರ ಕಂಪ್ಯೂಟರ್ ಲೋಕಕ್ಕೆ ಹೇಗೆ ಬಂತು, ಬಂದು ಏನು ಮಾಡಿತು ಅನ್ನೋದು ನಿಮ್ಮ ವಿಷಯ. ನನಗೂ ತುಂಬಾ ಇಷ್ಟದ ವಿಷಯ ಇದು. ಆದರೆ ಲೇಖನ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ‘ಸ್ಥಳಾವಕಾಶವಿಲ್ಲ’ ಅಂತ ಒಂದು ಸಾಲು ಬರೆದು ಕಳಿಸಬಹುದಿತ್ತು. ನಿಮ್ಮ ಏಳನೇ ಪುಟ ಓದಿದ ಮೇಲೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ಹನ್ನೆರಡು ಪುಟಗಳಲ್ಲಿ ಮೊದಲ ಮೂರು ಪುಟ ಡಾರ್ವಿನ್ ಜೀವನಕ್ಕೇ ಹೋಗಿದೆ. ಹಡಗು, ದ್ವೀಪ, ಹಕ್ಕಿಗಳ ಕೊಕ್ಕು, 1859ರ ಪುಸ್ತಕ. ಇದೆಲ್ಲ ಓದುಗರಿಗೆ ಶಾಲೆಯಿಂದಲೇ ಗೊತ್ತು. ಅಷ್ಟನ್ನೂ ತೆಗೆದುಬಿಡಿ. ಆಮೇಲಿನ ಮೂರು ಪುಟಗಳಲ್ಲಿ ಹೆಸರುಗಳ ಮೆರವಣಿಗೆ ಇದೆ. ನಾನು ಎಣಿಸಿದೆ, ಹದಿನೇಳು ವಿಜ್ಞಾನಿಗಳು. ಒಬ್ಬೊಬ್ಬರಿಗೆ ಎರಡೆರಡು ವಾಕ್ಯ. ಓದಿ ಮುಗಿಸಿದ ಮೇಲೆ ಒಬ್ಬರೂ ನೆನಪಿನಲ್ಲಿ ಉಳಿಯಲಿಲ್ಲ.

ಏಳನೇ ಪುಟದಲ್ಲಿ ಏಡ್ರಿಯನ್ ಥಾಂಪ್ಸನ್ ಅವರ ಚಿಪ್ ಬಗ್ಗೆ ಆರು ಸಾಲು ಬರೆದಿದ್ದೀರಿ. ಓದುತ್ತಿದ್ದವನು ಅಲ್ಲಿ ನಿಂತೆ. ನಿಮ್ಮ ಲೇಖನ ನಿಜವಾಗಿ ಇರುವುದು ಆ ಆರು ಸಾಲಿನಲ್ಲಿ. ಅದನ್ನು ಎರಡು ಪುಟಕ್ಕೆ ಬೆಳೆಸಿ, ಲೇಖನದ ತಲೆಗೆ ತನ್ನಿ. ಬೆಳೆಸುವುದು ಅಂದರೆ ವಿಶೇಷಣ ಸೇರಿಸುವುದಲ್ಲ. ಮೇಜಿನ ಮೇಲೆ ಏನಿತ್ತು, ಏನು ನಡೆಯಿತು ಅಂತ ಹತ್ತಿರದಿಂದ ತೋರಿಸುವುದು. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ.

1996ರ ಸುಮಾರಿಗೆ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಥಾಂಪ್ಸನ್ ಒಂದು ಎಫ್‌ಪಿಜಿಎ ತೆಗೆದುಕೊಂಡರು. ಒಳಗಿನ ಜೋಡಣೆಯನ್ನು ಬೇಕಾದ ಹಾಗೆ ಮತ್ತೆ ಮತ್ತೆ ಬದಲಿಸಬಹುದಾದ ಚಿಪ್ ಅದು. ಅದರ ಒಂದು ಮೂಲೆಯಲ್ಲಿ ಉದ್ದಕ್ಕೆ ಹತ್ತು, ಅಡ್ಡಕ್ಕೆ ಹತ್ತು, ಒಟ್ಟು ನೂರು ಕೋಶಗಳನ್ನು ಮಾತ್ರ ಬಳಸಿದರು. ಕೆಲಸ ಸರಳ. ಎರಡು ನಾದ ಕೊಡುತ್ತಾರೆ: ಒಂದು ಸೆಕೆಂಡಿಗೆ 1000 ಸಲ ಕಂಪಿಸುವುದು, ಇನ್ನೊಂದು 10,000 ಸಲ. ಯಾವುದು ಬಂದಿದೆ ಅಂತ ಚಿಪ್ ಹೇಳಬೇಕು. ಎಂಜಿನಿಯರ್ ಒಬ್ಬರಿಗೆ ಈ ಕೆಲಸ ಕೊಟ್ಟರೆ ಮೊದಲು ಕೇಳುವುದು ಒಂದು ಕ್ಲಾಕ್. ಎಲ್ಲ ಭಾಗಗಳೂ ಒಂದೇ ತಾಳಕ್ಕೆ ನಡೆಯಲಿ ಅಂತ. ಥಾಂಪ್ಸನ್ ಕ್ಲಾಕ್ ಕೊಡಲಿಲ್ಲ. ಆ ಕೋಶಗಳು ಕೆಲವೇ ನ್ಯಾನೋಸೆಕೆಂಡಿನಲ್ಲಿ ಬದಲಾಗುವಂಥವು. ಅಳೆಯಬೇಕಾದ ಅಲೆ ಮಿಲಿಸೆಕೆಂಡಿನದು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ ಮಾತ್ರ ಗೊತ್ತಿರುವವನಿಗೆ ಗಂಟೆಗಟ್ಟಲೆ ಸಮಯ ಅಳೆ ಅಂದ ಹಾಗೆ.

ಮೊದಲ ಐವತ್ತು ಸರ್ಕ್ಯೂಟ್‌ಗಳನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಕೋಶಗಳ ಜೋಡಣೆ ಹೇಗಿರಬೇಕು ಅಂತ ಹೇಳುವ 1800 ಮನೆಗಳ ಸಾಲು ಒಂದೊಂದು ಸರ್ಕ್ಯೂಟ್‌ಗೂ; ಆ ಮನೆಗಳಲ್ಲಿ ನಾಣ್ಯ ಚಿಮ್ಮಿದ ಹಾಗೆ 0, 1 ತುಂಬಿದ್ದು. ಒಂದೊಂದನ್ನೂ ನಿಜವಾದ ಚಿಪ್‌ಗೆ ಹಾಕಿ, ನಾದ ಕೇಳಿಸಿ, ಅಂಕ ಕೊಟ್ಟರು. ಜಾಸ್ತಿ ಅಂಕ ಬಂದವುಗಳನ್ನು ಬೆರೆಸಿ, ಅಲ್ಲೊಂದು ಇಲ್ಲೊಂದು ಬಿಟ್ ತಿರುಗಿಸಿ, ಮುಂದಿನ ಐವತ್ತು. ಶುರುವಿನ ನೂರಾರು ತಲೆಮಾರುಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ 5000 ತಲೆಮಾರಿನೊಳಗೆ ಚಿಪ್ ಎರಡೂ ನಾದಗಳನ್ನು ತಪ್ಪಿಲ್ಲದೆ ಗುರುತಿಸತೊಡಗಿತು.

ಆಮೇಲೆ ಥಾಂಪ್ಸನ್ ಸರ್ಕ್ಯೂಟನ್ನು ಬಿಡಿಸಿ ನೋಡಿದರು. ನೂರರಲ್ಲಿ ಹೆಚ್ಚಿನ ಕೋಶಗಳು ಬೇಕೇ ಇರಲಿಲ್ಲ. ಬೇಕಾದವುಗಳಲ್ಲಿ ಕೆಲವು ವಿಚಿತ್ರವಾಗಿದ್ದವು. ಅವುಗಳಿಂದ ಔಟ್‌ಪುಟ್‌ಗೆ ಯಾವ ದಾರಿಯಿಂದಲೂ ಸಂಪರ್ಕ ಇಲ್ಲ. ಹಾಗಿದ್ದರೂ ಅವನ್ನು ಬದಲಾಗದ ಹಾಗೆ 0 ಅಥವಾ 1ಕ್ಕೆ ಕಟ್ಟಿಹಾಕಿದರೆ ಸರ್ಕ್ಯೂಟ್ ತಡವರಿಸುತ್ತದೆ. ವಿದ್ಯುತ್ ಪೂರೈಸುವ ತಂತಿಯ ಮೂಲಕವೋ, ಪಕ್ಕದ ಕೋಶದ ವಿದ್ಯುತ್ಕಾಂತೀಯ ಪ್ರಭಾವದಿಂದಲೋ ಅವು ಕೈ ಆಡಿಸುತ್ತಿರಬಹುದು. ಅದೇ ಸರ್ಕ್ಯೂಟನ್ನು ಚಿಪ್‌ನ ಬೇರೆ ಮೂಲೆಗೆ ಸರಿಸಿದರೆ ಅಷ್ಟು ಚೆನ್ನಾಗಿ ನಡೆಯಲಿಲ್ಲ. ತಾಪಮಾನ ಜಾಸ್ತಿ ಬದಲಾದರೂ ಎಡವಿತು.

ಇಲ್ಲಿ ನಿಂತು ಯೋಚಿಸಿ. ಎಂಜಿನಿಯರ್‌ಗೆ ಆ ಚಿಪ್ ಅಂದರೆ 0 ಮತ್ತು 1. ಅಂಕ ನೋಡಿ ಆರಿಸುವ ಈ ಆಯ್ಕೆಗೆ ಅದು ಗೊತ್ತಿಲ್ಲ. ಅದು ಕೈಪಿಡಿ ಓದಿಲ್ಲ. ಅಂಕ ತಂದುಕೊಡುವುದು ಏನೇ ಇರಲಿ, ಸಿಲಿಕಾನ್‌ನ ಸಣ್ಣ ಓರೆಕೋರೆಯೇ ಇರಲಿ, ಅದನ್ನು ಇಟ್ಟುಕೊಳ್ಳುತ್ತದೆ. ಆ ಮೂಲೆ, ಆ ತಾಪಮಾನ ಬಿಟ್ಟು ಬೇರೆ ಯಾವುದರಲ್ಲೂ ಅಂಕ ಕೊಟ್ಟಿರಲಿಲ್ಲ ಅಲ್ವಾ? ಹಾಗಾಗಿ ಅಲ್ಲಿಗೇ ಅಂಟಿಕೊಂಡಿತು.

ಈಗ ನಿಮ್ಮ ಲೇಖನದ ದೊಡ್ಡ ತಪ್ಪಿಗೆ ಬರುತ್ತೇನೆ. ಇದೊಂದನ್ನು ಸರಿಮಾಡದೆ ಉಳಿದದ್ದನ್ನೆಲ್ಲ ತಿದ್ದಿದರೂ ಪ್ರಯೋಜನವಿಲ್ಲ. ನೀವು ನಾಲ್ಕು ಕಡೆ ಹೀಗೆ ಬರೆದಿದ್ದೀರಿ: ‘ಪ್ರಕೃತಿ ಸದಾ ಅತ್ಯುತ್ತಮ ಪರಿಹಾರವನ್ನು ಹುಡುಕುತ್ತದೆ.’ ಇನ್ನೊಂದು ಕಡೆ: ‘ಪರಿಸರಕ್ಕೆ ಹೊಂದಿಕೊಳ್ಳಲು ಜೀವಿಗಳು ತಮ್ಮ ಜೀನ್‌ಗಳನ್ನು ಬದಲಿಸಿಕೊಂಡವು.’ ಎರಡೂ ತಪ್ಪು. ಯಾವ ಜೀವಿಯೂ ತನಗೆ ಬೇಕು ಅಂತ ಜೀನ್ ಬದಲಿಸಿಕೊಳ್ಳುವುದಿಲ್ಲ. ಬದಲಾವಣೆ ಮೊದಲು ಬರುತ್ತದೆ, ಯಾವ ಉದ್ದೇಶವೂ ಇಲ್ಲದೆ. ಅದನ್ನು ಹೊತ್ತ ಜೀವಿಗೆ ಮರಿಗಳು ಜಾಸ್ತಿ ಉಳಿದರೆ ಬದಲಾವಣೆಯೂ ಉಳಿಯುತ್ತದೆ. ಅಷ್ಟೇ. ಇನ್ನು ‘ಅತ್ಯುತ್ತಮ’ ಅನ್ನೋ ಮಾತು. ಜಿರಾಫೆಯ ಧ್ವನಿಪೆಟ್ಟಿಗೆಗೆ ಹೋಗುವ ಒಂದು ನರ ಮಿದುಳಿನಿಂದ ಹೊರಟು, ಅಷ್ಟುದ್ದ ಕುತ್ತಿಗೆ ಇಳಿದು, ಎದೆಯಲ್ಲಿ ಹೃದಯದ ಹತ್ತಿರದ ದೊಡ್ಡ ರಕ್ತನಾಳವನ್ನು ಸುತ್ತಿ, ಮತ್ತೆ ಮೇಲೆ ಹತ್ತಿ ಗಂಟಲಿಗೆ ಬರುತ್ತದೆ. ಗಂಟಲು ಇರುವುದು ಮಿದುಳಿನ ಕೆಳಗೇ. ಮೀನಿನಂಥ ಪೂರ್ವಜರಲ್ಲಿ ಅದು ನೇರ ದಾರಿಯಾಗಿತ್ತು. ಕುತ್ತಿಗೆ ಬೆಳೆಯುತ್ತ ಹೋದಂತೆ ನರವೂ ಎಳೆದುಕೊಂಡು ಹೋಯಿತು. ಅದನ್ನು ಬಿಚ್ಚಿ ಹೊಸದಾಗಿ ಕಟ್ಟುವವರು ಯಾರೂ ಇರಲಿಲ್ಲ.

ಕಂಪ್ಯೂಟರ್‌ನಲ್ಲಿ ಹಾಗಲ್ಲ. ಅಲ್ಲಿ ಒಬ್ಬರು ಕೂತು ‘ಇದಕ್ಕೆ ಅಂಕ, ಅದಕ್ಕಿಲ್ಲ’ ಅಂತ ಬರೆದಿರುತ್ತಾರೆ. ಅದನ್ನೇ ಫಿಟ್‌ನೆಸ್ ಫಂಕ್ಷನ್ ಅನ್ನುವುದು. ಜೀವಲೋಕದಲ್ಲಿ ಅಂಕ ಕೊಡುವವರಿಲ್ಲ. ಹುಟ್ಟುವುದು, ಉಳಿಯುವುದು, ಮರಿ ಹಾಕುವುದು, ಇಷ್ಟೇ. ನಿಮ್ಮ ಹೋಲಿಕೆ ಮುರಿಯುವುದು ಇಲ್ಲೇ. ಹೋಲಿಕೆ ಎಲ್ಲಿ ಮುರಿಯುತ್ತದೋ ಅಲ್ಲೇ ಓದುಗನಿಗೆ ಹೊಸದೊಂದು ಕಾಣುತ್ತದೆ. ನೀವು ಆ ಜಾಗವನ್ನು ದಾಟಿಕೊಂಡು ಹೋಗಿದ್ದೀರಿ. ಕಾರ್ಲ್ ಸಿಮ್ಸ್ 1994ರಲ್ಲಿ ಕಂಪ್ಯೂಟರ್‌ನೊಳಗೆ ಪೆಟ್ಟಿಗೆಗಳನ್ನು ಜೋಡಿಸಿದ ಹಾಗಿರುವ ಪ್ರಾಣಿಗಳನ್ನು ಬೆಳೆಸಿದ್ದನ್ನು ಒಂದು ಸಾಲಿನಲ್ಲಿ ಹೇಳಿದ್ದೀರಿ. ನೆಲದ ಮೇಲೆ ವೇಗವಾಗಿ ಸಾಗುವುದಕ್ಕೆ ಅಂಕ ಅಂದಾಗ ಕೆಲವು ಎತ್ತರಕ್ಕೆ ಬೆಳೆದು ದೊಪ್ಪನೆ ಬೀಳುವುದನ್ನೇ ಉಪಾಯ ಮಾಡಿಕೊಂಡವು. ಬೀಳುವಾಗಲೂ ವೇಗ ಬರುತ್ತದಲ್ಲ! ಕೇಳಿದ್ದು ನಡಿಗೆ, ಬರೆದದ್ದು ವೇಗ. ಬರೆದದ್ದೇ ಸಿಕ್ಕಿತು. ಈ ಒಂದು ಉದಾಹರಣೆ ನಿಮ್ಮ ಐದನೇ ಪುಟದ ಇಡೀ ವ್ಯಾಖ್ಯಾನಕ್ಕಿಂತ ಮೇಲು.

ಇದೇ ಕಾರಣಕ್ಕೆ, ಹೀಗೆಯೇ ಅಂಕ ಕೊಟ್ಟು ಬೆಳೆಸಿದ ನಾಸಾದ ಆಂಟೆನಾ ಬಗ್ಗೆ ನೀವು ಬರೆದ ‘ಕಂಪ್ಯೂಟರ್ ತಾನೇ ಯೋಚಿಸಿ ವಿನ್ಯಾಸ ಮಾಡಿತು’ ಅನ್ನೋ ವಾಕ್ಯ ಬೇಡ. 2006ರಲ್ಲಿ ಮೂರು ಪುಟ್ಟ ಉಪಗ್ರಹಗಳ ಜೊತೆ ಹಾರಿದ ಆ ಆಂಟೆನಾ ಸೊಟ್ಟಸೊಟ್ಟ ಬಗ್ಗಿಸಿದ ತಂತಿಯ ಹಾಗಿದೆ. ಅದನ್ನು ಯೋಚಿಸಿದವರು ಯಾರೂ ಇಲ್ಲ, ಕಂಪ್ಯೂಟರ್ ಕೂಡ. ಅದೇ ಅಲ್ಲವೇ ಸೋಜಿಗ?

ಇತಿಹಾಸದ ಭಾಗ. ಡಾರ್ವಿನ್ ಆದ ಕೂಡಲೇ, ಈ ವಿಧಾನವನ್ನು ಕಂಪ್ಯೂಟರ್‌ಗೆ ತರುವ ಬಗ್ಗೆ 1975ರಲ್ಲಿ ಪುಸ್ತಕ ಬರೆದ ಜಾನ್ ಹಾಲೆಂಡ್ ಅವರಿಗೆ ಹಾರಿದ್ದೀರಿ. ಹಾಲೆಂಡ್ ಬಗ್ಗೆ ಬರೆದದ್ದು ಚೆನ್ನಾಗಿದೆ, ಕ್ರಾಸ್‌ಓವರ್ (ಎರಡರ ತುಂಡುಗಳನ್ನು ಬೆರೆಸಿ ಹೊಸದು ಮಾಡುವುದು) ವಿವರಣೆ ಸ್ಪಷ್ಟವಾಗಿದೆ. ಸೂತ್ರ ಮಾತ್ರ ತೆಗೆಯಿರಿ. ಆದರೆ ಅದಕ್ಕೂ ಹನ್ನೊಂದು ವರ್ಷ ಮೊದಲು ಬರ್ಲಿನ್‌ನಲ್ಲಿ ನಡೆದದ್ದನ್ನು ಬಿಟ್ಟಿದ್ದೀರಿ. 1964ರಲ್ಲಿ ಇಂಗೊ ರೆಖೆನ್‌ಬರ್ಗ್ ಮತ್ತು ಜೊತೆಗಾರರು ಗಾಳಿ ಸುರಂಗದಲ್ಲಿ ಒಂದು ತಗಡು ಇಟ್ಟರು. ಆರು ಪಟ್ಟಿ, ನಡುವೆ ಐದು ಕೀಲು. ಒಂದೊಂದು ಕೀಲನ್ನೂ 51 ಥರ ಬಗ್ಗಿಸಬಹುದು. ಲೆಕ್ಕ ಹಾಕಿದರೆ 34 ಕೋಟಿ 50 ಲಕ್ಷಕ್ಕೂ ಜಾಸ್ತಿ ಆಕಾರಗಳು. ಗಾಳಿಗೆ ಯಾವುದು ಕಡಿಮೆ ತಡೆ ಒಡ್ಡುತ್ತದೆ? ಉತ್ತರ ಎಲ್ಲರಿಗೂ ಗೊತ್ತು, ಚಪ್ಪಟೆಯಾಗಿ ಮಲಗಿದ ತಗಡು. ಗೊತ್ತಿರುವ ಉತ್ತರವನ್ನು ಕುರುಡು ವಿಧಾನ ಮುಟ್ಟುತ್ತದೆಯೇ ಅನ್ನೋದೇ ಪರೀಕ್ಷೆ. ಅಂಕುಡೊಂಕಾಗಿ ಮಡಚಿದ ತಗಡಿನಿಂದ ಶುರು ಮಾಡಿದರು. ಕೀಲುಗಳನ್ನು ಎಷ್ಟು ತಿರುಗಿಸಬೇಕು ಅನ್ನೋದನ್ನು ಅದೃಷ್ಟಕ್ಕೆ ಬಿಟ್ಟು, ಕೈಯಿಂದಲೇ ತಿರುಗಿಸಿದರು. ತಡೆ ಕಡಿಮೆಯಾದರೆ ಹೊಸ ಆಕಾರ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಹಳೆಯದಕ್ಕೆ ವಾಪಸ್. ಕೆಲವು ನೂರು ಪ್ರಯತ್ನಗಳಲ್ಲಿ ತಗಡು ಹೆಚ್ಚುಕಡಿಮೆ ಚಪ್ಪಟೆಯಾಯಿತು. ಆ ಪ್ರಯೋಗದಲ್ಲಿ ಕಂಪ್ಯೂಟರ್ ಇರಲೇ ಇಲ್ಲ! ವಿಕಾಸವನ್ನು ಒಂದು ವಿಧಾನವಾಗಿ ನೋಡಿದವರು ಯಂತ್ರಕ್ಕೂ ಮೊದಲು ಕೈಯಲ್ಲೇ ಮಾಡಿ ನೋಡಿದರು. ಹದಿನೇಳು ಹೆಸರುಗಳ ಬದಲು ಈ ತಗಡು ಇರಲಿ. ಕಂಪ್ಯೂಟರ್ ವಿಜ್ಞಾನಕ್ಕೆ ಬುನಾದಿ ಹಾಕಿದ ಅಲನ್ ಟ್ಯೂರಿಂಗ್ 1950ರ ಪ್ರಬಂಧದಲ್ಲೇ ಕಲಿಯುವ ಯಂತ್ರ ಮಾಡುವುದನ್ನು ಮ್ಯುಟೇಶನ್ (ಜೀನ್‌ನಲ್ಲಿ ತಾನಾಗಿ ಆಗುವ ಬದಲಾವಣೆ), ನಿಸರ್ಗದ ಆಯ್ಕೆಗಳಿಗೆ ಹೋಲಿಸಿದ್ದರು. ಬೇಕಿದ್ದರೆ ಅದಕ್ಕೊಂದು ವಾಕ್ಯ ಕೊಡಿ.

ಕೊನೆಯ ಎರಡು ಪುಟ, ‘ಮುಂದೊಂದು ದಿನ ಯಂತ್ರಗಳು ವಿಕಾಸಗೊಂಡು ಮನುಷ್ಯನನ್ನು ಮೀರುತ್ತವೆ’ ಅನ್ನೋ ಭಾಗ, ಪೂರ್ತಿ ಹೋಗಲಿ. ಅಲ್ಲಿ ನಿಮಗೆ ಗೊತ್ತಿರುವುದು ಏನೂ ಇಲ್ಲ, ಭಯ ಮಾತ್ರ ಇದೆ. ಆ ಜಾಗದಲ್ಲಿ ನೀವು ಮುಟ್ಟದೇ ಬಿಟ್ಟ ಇನ್ನೊಂದು ದಾರಿ ಬರಲಿ. ಜೀವವಿಜ್ಞಾನ ಕಂಪ್ಯೂಟರ್‌ಗೆ ಕೊಟ್ಟದ್ದನ್ನು ಹೇಳಿದಿರಿ. ಕಂಪ್ಯೂಟರ್ ವಾಪಸ್ ಕೊಟ್ಟದ್ದು? ಜೀವವಿಜ್ಞಾನಿ ರಿಚರ್ಡ್ ಲೆನ್ಸ್‌ಕಿ ಮತ್ತು ಜೊತೆಗಾರರು 2003ರಲ್ಲಿ ಅವಿಡಾ ಅನ್ನೋ ವ್ಯವಸ್ಥೆಯಲ್ಲಿ, ತಮ್ಮನ್ನೇ ನಕಲು ಮಾಡಿಕೊಳ್ಳುವ ಪುಟ್ಟ ಪ್ರೋಗ್ರಾಮ್‌ಗಳನ್ನು ಬೆಳೆಯಲು ಬಿಟ್ಟರು. ಎರಡು ಸಂಖ್ಯೆಗಳನ್ನು ಬಿಟ್ ಬಿಟ್ ಹೋಲಿಸುವ ಒಂದು ಕಷ್ಟದ ಲೆಕ್ಕ ಅವುಗಳಿಗೆ ಬರುತ್ತದೆಯೇ ಅನ್ನೋದು ಪ್ರಶ್ನೆ. ಸುಲಭದ ಲೆಕ್ಕಗಳಿಗೂ ಸಣ್ಣ ಬಹುಮಾನ ಇಟ್ಟಾಗ 50 ಗುಂಪುಗಳಲ್ಲಿ 23 ಅದನ್ನು ಕಲಿತವು. ಸಣ್ಣ ಬಹುಮಾನ ತೆಗೆದು ಕಷ್ಟದ ಲೆಕ್ಕಕ್ಕೆ ಮಾತ್ರ ಬಹುಮಾನ ಇಟ್ಟಾಗ 50ರಲ್ಲಿ ಒಂದೂ ಕಲಿಯಲಿಲ್ಲ. ಕಣ್ಣಿನಂಥ ಸಂಕೀರ್ಣ ಅಂಗ ಹೇಗೆ ಬಂದೀತು ಅನ್ನೋ ಪ್ರಶ್ನೆಯನ್ನು ಡಾರ್ವಿನ್ ತಾವೇ ಎತ್ತಿ, ಸಣ್ಣ ಸಣ್ಣ ಉಪಯುಕ್ತ ಮೆಟ್ಟಿಲುಗಳಿಂದ ಅಂತ ಉತ್ತರಿಸಿದ್ದರು. ಇಲ್ಲಿ ಒಂದೊಂದು ಮೆಟ್ಟಿಲಿನ ದಾಖಲೆಯೂ ಇದೆ. ಆ ದಾರಿಯಲ್ಲಿ ಕೆಲವು ಮೆಟ್ಟಿಲು ಆ ಕ್ಷಣಕ್ಕೆ ಹಾನಿ ಮಾಡಿದವೂ ಹೌದು. ಹಾನಿಯ ಆ ಬದಲಾವಣೆಯೇ ಮುಂದೆ ಆಧಾರವಾಯಿತು. ಪಳೆಯುಳಿಕೆಯಲ್ಲಿ ಇಷ್ಟು ವಿವರ ಸಿಗುವುದುಂಟೇ?

ಭಾಷೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ‘ಲ್ಪಟ್ಟಿತು’ ನಿಮ್ಮ ಲೇಖನದಲ್ಲಿ ಇಪ್ಪತ್ತಾರು ಸಲ ಬಂದಿದೆ. ‘ಯಾದೃಚ್ಛಿಕವಾಗಿ ಸೃಷ್ಟಿಸಲ್ಪಟ್ಟ ಮಂಡಲಗಳು ಮೌಲ್ಯಮಾಪನಕ್ಕೆ ಒಳಪಡಿಸಲ್ಪಟ್ಟವು’ ಅಂತ ಬರೆದಿದ್ದೀರಿ. ಇದನ್ನೇ ಸ್ನೇಹಿತರಿಗೆ ಹೇಳುವಾಗ ಹೀಗೆ ಹೇಳುತ್ತೀರಾ? ಯಾರು ಮಾಡಿದರು ಅಂತ ಹೇಳಿ, ವಾಕ್ಯ ತಾನಾಗಿ ಚಿಕ್ಕದಾಗುತ್ತದೆ. ಉತ್ಪರಿವರ್ತನೆ, ವ್ಯತ್ಯಯ, ರೂಪಾಂತರ, ಮ್ಯುಟೇಶನ್ ನಾಲ್ಕನ್ನೂ ಒಂದೇ ಅರ್ಥಕ್ಕೆ ಬಳಸಿದ್ದೀರಿ. ಓದುಗರು ನಾಲ್ಕು ಬೇರೆ ಬೇರೆ ಸಂಗತಿ ಅಂದುಕೊಳ್ಳುತ್ತಾರೆ. ಒಂದನ್ನು ಹಿಡಿಯಿರಿ. ನನ್ನ ಓಟು ಮ್ಯುಟೇಶನ್‌ಗೆ.

ಒಂದು ಕೆಲಸ ಮಾಡಿ. ಮತ್ತೆ ಬರೆಯಲು ಕೂರುವ ಮೊದಲು ಒಂದು ಪುಟ್ಟ ಪ್ರೋಗ್ರಾಮ್ ಬರೆದು ಓಡಿಸಿ. ನೂರು ಮನೆಗಳ ಸಾಲು, ಪ್ರತಿ ಮನೆಯಲ್ಲಿ 0 ಅಥವಾ 1. ಎಷ್ಟು 1 ಇವೆಯೋ ಅಷ್ಟು ಅಂಕ. ಇಂಥ ಐವತ್ತು ಸಾಲು. ಥಾಂಪ್ಸನ್ ಮಾಡಿದ ಹಾಗೆಯೇ ಜಾಸ್ತಿ ಅಂಕದವುಗಳನ್ನು ಬೆರೆಸಿ ಮುಂದಿನ ಐವತ್ತು. ನಾನು ಮೊದಲ ಸಲ ಇದನ್ನು ಮಾಡಿದಾಗ ಮ್ಯುಟೇಶನ್ ತೆಗೆದು ಬರೀ ಕ್ರಾಸ್‌ಓವರ್ ಇಟ್ಟು ನೋಡಿದೆ. ಅಂಕ ಸರಸರ ಏರಿತು, ಆಮೇಲೆ ನಿಂತೇ ಹೋಯಿತು. ಪರದೆಯ ಮೇಲೆ ಐವತ್ತು ಸಾಲೂ ಒಂದೇ ಥರ. ಐವತ್ತರಲ್ಲೂ ಅದೇ ಕೆಲವು ಮನೆಗಳಲ್ಲಿ 0. ಆ ಮನೆಗೆ 1 ತರಬಲ್ಲ ಸಾಲು ಇಡೀ ಗುಂಪಿನಲ್ಲಿ ಒಂದೂ ಉಳಿದಿರಲಿಲ್ಲ. ವೈವಿಧ್ಯ ಕಳೆದುಹೋಗುವುದು ಅಂದರೇನು ಅಂತ ಎಷ್ಟೋ ಕಡೆ ಓದಿದ್ದೆ. ಅವತ್ತು ಕಣ್ಣಾರೆ ಕಂಡೆ. ಮ್ಯುಟೇಶನ್ ವಾಪಸ್ ಹಾಕಿ, ಪ್ರತಿ ಮನೆ ಬದಲಾಗುವ ಸಾಧ್ಯತೆಯನ್ನು ನೂರಕ್ಕೆ ಒಂದು ಇಟ್ಟು ನೋಡಿ, ಐವತ್ತು ಇಟ್ಟು ನೋಡಿ. ಎರಡರ ನಡುವಿನ ವ್ಯತ್ಯಾಸ ನಿಮ್ಮದೇ ಮಾತಿನಲ್ಲಿ ಲೇಖನಕ್ಕೆ ಬರಲಿ.

ಹೊಸ ಕರಡು ಐದು ಪುಟ ದಾಟದಿರಲಿ. ಥಾಂಪ್ಸನ್ ಚಿಪ್ ಮೊದಲು, ಬರ್ಲಿನ್ ತಗಡು ಆಮೇಲೆ, ಉಳಿದ ಕ್ರಮ ನಿಮಗೆ ಬಿಟ್ಟದ್ದು. ಶೀರ್ಷಿಕೆಯನ್ನೂ ಬದಲಿಸಿ, ಪ್ರಕೃತಿ ಪ್ರೋಗ್ರಾಮರ್ ಅಲ್ಲ. ಪ್ರೋಗ್ರಾಮ್ ಓಡಿಸಿದಾಗ ಎಷ್ಟನೇ ತಲೆಮಾರಿಗೆ ಎಷ್ಟು ಅಂಕ ಬಂತು ಅಂತ ಬರೆದಿಟ್ಟ ಹಾಳೆಯನ್ನೂ ಜೊತೆಗೆ ಕಳಿಸಿ. ಅಚ್ಚು ಹಾಕಲಿಕ್ಕಲ್ಲ, ನನಗೆ ನೋಡುವ ಆಸೆ.