ಕಾಲ್ ಲೆಟರ್ ಬಂದ ಮೇಲೆ ನಿದ್ದೆ ಹೋಗದ ಹುಡುಗ

2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಮೇಲೆ ಆಪರೇಷನ್ ಸಿಂಧೂರ ನಡೆದ ನಂತರ ನನ್ನ ಬಳಿ ಬರುವವರಲ್ಲಿ ಒಂದು ಬಗೆಯ ಕುಟುಂಬಗಳು ಜಾಸ್ತಿಯಾಗಿವೆ. ಮಗನೋ ಮಗಳೋ ವಾಯುಪಡೆಯಲ್ಲಿ ಪೈಲಟ್ ಆಗಬೇಕು ಅಂತ ಹೊರಟಿರುತ್ತಾರೆ. ಮೈಸೂರಿನಲ್ಲೇ ಏರ್‌ಫೋರ್ಸ್ ಸೆಲೆಕ್ಷನ್ ಬೋರ್ಡ್ ಇರುವುದರಿಂದ ಈ ಊರಿನ ಆಪ್ತಸಲಹೆಗಾರರಿಗೆ ಇಂಥ ಮಕ್ಕಳು ಹೊಸಬರಲ್ಲ. ಆದರೆ ಮೊದಲು ಬರುತ್ತಿದ್ದವರು ಆಯ್ಕೆಯಾಗದೆ ಕುಗ್ಗಿ ಹೋದವರು. ಈಗಿನವರು ಬೋರ್ಡಿಗೆ ಹೋಗುವ ಮುಂಚೆಯೇ ಬರುತ್ತಾರೆ, ಅಥವಾ ಅವರನ್ನು ಮನೆಯವರು ಎಳೆದು ತರುತ್ತಾರೆ.

ಕೆಲವು ಮನೆಯವರು ‘ಹೇಗಾದ್ರೂ ಮಾಡಿ ತಪ್ಪಿಸಿ ಮೇಡಂ’ ಅನ್ನುತ್ತಾರೆ. ಇನ್ನು ಕೆಲವರದು ‘ಸ್ವಲ್ಪ ಧೈರ್ಯ ತುಂಬಿ ಕಳಿಸಿ’. ನಾನು ಎರಡನ್ನೂ ಮಾಡುವುದಿಲ್ಲ. ಬ್ರೇಕಿನ ಕೆಲಸವೂ ನನ್ನದಲ್ಲ, ಆಕ್ಸಿಲರೇಟರಿನ ಕೆಲಸವೂ ನನ್ನದಲ್ಲ. ಇದನ್ನು ಫೀಸು ತಗೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ಕೆಲವರು ಅಲ್ಲಿಂದಲೇ ಎದ್ದು ಹೋಗುತ್ತಾರೆ.

ಈ ಪ್ರಕರಣ ಧೈರ್ಯ ತುಂಬಿಸಲು ಬಂದವರದು. ಹೆಸರು, ಊರು, ಮನೆಯ ಕಸುಬು ಎಲ್ಲ ಬದಲಿಸಿದ್ದೇನೆ. ತಂದೆ, ಮಗ ಇಬ್ಬರೂ ಒಪ್ಪಿದ ಮೇಲೇ ಬರೆಯುತ್ತಿದ್ದೇನೆ. ಹುಡುಗನನ್ನು ಚೇತನ್ ಅನ್ನೋಣ. ವಯಸ್ಸು 21, ಇಂಜಿನಿಯರಿಂಗ್ ಕೊನೆಯ ವರ್ಷ. ಹಾಸನದ ಕಡೆಯ ತಾಲ್ಲೂಕು ಊರು, ತಂದೆಯದು ಹಾರ್ಡ್‌ವೇರ್ ಅಂಗಡಿ. ವಾಯುಪಡೆ ಅಧಿಕಾರಿಗಳ ಆಯ್ಕೆಗೆ ನಡೆಯುವ ಎಎಫ್‌ಕ್ಯಾಟ್ ಪರೀಕ್ಷೆ ಪಾಸಾಗಿ ಮೈಸೂರು ಬೋರ್ಡಿನಿಂದ ಕಾಲ್ ಲೆಟರ್ ಬಂದಿತ್ತು. ತಂದೆ ಅದರ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ ಹಾಕಿದ್ದರು. ಮೊಳೆ, ಪೈಪು ತಗೊಳ್ಳಲು ಬಂದವರಿಗೆಲ್ಲ ಸುದ್ದಿ ಹೇಳಿದ್ದರು. ಆವತ್ತಿನಿಂದ ಹುಡುಗ ಸರಿಯಾಗಿ ಮಲಗಿಲ್ಲ. ಊಟದ ತಟ್ಟೆ ಮುಂದೆ ಸುಮ್ನೆ ಕೂರುತ್ತಾನೆ ಅಂತ ತಾಯಿಯ ದೂರು.

‘ಪರೀಕ್ಷೆ ಭಯ ಅಷ್ಟೇ ಮೇಡಂ’ ಅಂದರು ತಂದೆ.

ನನಗೆ ಮೊದಲು ಅನ್ನಿಸಿದ್ದು ಸಾವಿನ ಭಯ ಅಂತ. ಹಾಗೆ ಅನ್ನಿಸಲು ಕಾರಣಗಳೂ ಇದ್ದವು. 2025ರಲ್ಲೇ ನಮ್ಮ ವಾಯುಪಡೆಯ ಮೂರು ಜಾಗ್ವಾರ್ ಯುದ್ಧವಿಮಾನಗಳು ಬಿದ್ದಿದ್ದವು. ನವೆಂಬರ್‌ನಲ್ಲಿ ದುಬೈ ಏರ್ ಶೋನಲ್ಲಿ ತೇಜಸ್ ಬಿದ್ದು ಪೈಲಟ್ ತೀರಿಕೊಂಡಿದ್ದರು. ಎಲ್ಲವೂ ಟಿವಿಯಲ್ಲಿ ಮತ್ತೆ ಮತ್ತೆ ಬಂದಿತ್ತು. ಆದರೆ ಚೇತನ್ ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲ. 2019ರ ಫೆಬ್ರವರಿ 1ರಂದು ಬೆಂಗಳೂರಿನ ಎಚ್ಎಎಲ್ ವಿಮಾನ ನಿಲ್ದಾಣದಲ್ಲಿ ಮಿರಾಜ್ ಬಿದ್ದು ಇಬ್ಬರು ಪೈಲಟ್‌ಗಳು ಹೋದದ್ದರಿಂದ ಹಿಡಿದು ಒಂದೊಂದನ್ನೂ ತಾರೀಕು ಸಮೇತ ಹೇಳಿದ. ದನಿ ಒಂಚೂರೂ ಅಲುಗಲಿಲ್ಲ. ಮೊದಲ ಭೇಟಿಗಳು ಹೀಗೇ ಕಳೆದವು. ನಾನು ಕೇಳಿದ್ದಕ್ಕೆಲ್ಲ ಕೋಚಿಂಗ್‌ನಲ್ಲಿ ಕಲಿತ ಹಾಗೆ ಉತ್ತರ, ಬೆನ್ನು ನೆಟ್ಟಗೆ, ಕೈ ಮೊಣಕಾಲ ಮೇಲೆ.

ಆಮೇಲಿನ ಒಂದು ಭೇಟಿಯಲ್ಲಿ ಅವನು ಕೂರುತ್ತಲೇ ಫೋನ್ ತೆಗೆದ. ‘ಒಂದು ತೋರಿಸ್ಲಾ ಮೇಡಂ?’

ಕಪ್ಪು ಬಿಳುಪು ವಿಡಿಯೊ. ಮೇಲಿನಿಂದ ತೆಗೆದದ್ದು. ನಡುವೆ ಗುರಿಯ ಅಡ್ಡಗೆರೆ, ಉದ್ದಗೆರೆ. ಅದರ ಕೆಳಗೆ ಶೆಡ್ಡಿನಂಥ ಒಂದು ಕಟ್ಟಡ. ಎಡಗಡೆಯಿಂದ ಒಬ್ಬ ಮನುಷ್ಯ ಸೈಕಲ್ ತಳ್ಳಿಕೊಂಡು ಬರುತ್ತಾನೆ. ಗೋಡೆಗೆ ಸೈಕಲ್ ಒರಗಿಸುತ್ತಾನೆ. ಅದು ಜಾರುತ್ತದೆ. ಮತ್ತೆ ಎತ್ತಿ, ಹ್ಯಾಂಡಲ್ ತಿರುಗಿಸಿ, ಸರಿಯಾಗಿ ನಿಲ್ಲಿಸುತ್ತಾನೆ. ಒಳಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಪರದೆ ಪೂರ್ತಿ ಬೆಳ್ಳಗಾಗುತ್ತದೆ. ಹಿಂದೆ ಯಾವುದೋ ಜೋರು ಸಂಗೀತ ಸೇರಿಸಿದ್ದಾರೆ.

ಯಾವ ಯುದ್ಧದ್ದು ಅಂತ ಕೇಳಿದೆ. ಗೊತ್ತಿಲ್ಲ ಅಂದ. ಒಂದು ಕಡೆ ಉಕ್ರೇನ್ ಅಂತ ಹಾಕಿದ್ದರಂತೆ, ಇನ್ನೊಂದು ಕಡೆ ಬೇರೆ ದೇಶ, ಮೇ ತಿಂಗಳಲ್ಲಿ ನಮ್ಮದೇ ಅಂತ. ಇದು ವಿಡಿಯೊ ಗೇಮೂ ಆಗಿರಬಹುದಲ್ವಾ ಅಂದೆ. ಆಪರೇಷನ್ ಸಿಂಧೂರದ ದಿನಗಳಲ್ಲಿ ಆರ್ಮಾ 3 ಅನ್ನುವ ಆಟದ ದೃಶ್ಯಗಳನ್ನೇ ಯುದ್ಧದ್ದು ಅಂತ ಜನ ಹಂಚಿದ್ದರು.

‘ಇರಬಹುದು ಮೇಡಂ. ಸುಳ್ಳೇ ಇರಬಹುದು. ಆದ್ರೆ ಮೇ ತಿಂಗಳಲ್ಲಿ ಇದನ್ನ ನಮ್ಮ ಗ್ರೂಪಿಗೆ ಹಾಕಿದ್ದು ನಾನೇ. ಬೆಂಕಿ ಎಮೋಜಿ ಹಾಕಿ ಕಳ್ಸಿದ್ದೆ. ಆವತ್ತು ನಂಗೆ ಸೈಕಲ್ ಕಾಣಿಸ್ಲೇ ಇಲ್ಲ. ಕಾಲ್ ಲೆಟರ್ ಬಂದ ದಿನ ರಾತ್ರಿ ಮತ್ತೆ ನೋಡ್ದೆ. ಆಗ ಸೈಕಲ್ ಬಿಟ್ಟು ಬೇರೇನೂ ಕಾಣ್ಲಿಲ್ಲ.’

ಸ್ವಲ್ಪ ಹೊತ್ತು ಬಿಟ್ಟು ಹೇಳಿದ: ‘ಸಾಯೋದಕ್ಕೆ ರೆಡಿ ಇದೀಯಾ ಅಂತ ಎಲ್ಲರೂ ಕೇಳ್ತಾರೆ. ಅಮ್ಮ ಕೇಳ್ತಾರೆ, ಕೋಚಿಂಗ್‌ನಲ್ಲಿ ಕೇಳ್ತಾರೆ, ನೀವೂ ಕೇಳಿದ್ರಿ. ರೆಡಿ ಇದೀನಿ, ಅದು ನಿಜ. ಸಾಯಿಸೋದಕ್ಕೆ ರೆಡಿ ಇದೀಯಾ ಅಂತ ಯಾರೂ ಕೇಳಲ್ಲ.’

ಇಷ್ಟು ವರ್ಷಗಳಲ್ಲಿ ಈ ಮಾತನ್ನು ಇಷ್ಟು ನೇರವಾಗಿ ಆಡಿದ ಹುಡುಗ ಇವನೇ. ಆಡದವರ ಒಳಗೂ ಇದೇ ಇರುತ್ತದೆ ಅನ್ನುವುದು ನನ್ನ ಅನುಮಾನ. ಅದಕ್ಕೇ ಈ ಬರಹ.

ಅವನ ಒಪ್ಪಿಗೆ ಕೇಳಿ ತಂದೆಯನ್ನು ಒಳಗೆ ಕರೆದೆ. ಅವನೇ ಹೇಳಲಿ ಅಂತ ಬಿಟ್ಟೆ. ತಂದೆ ಪೂರ್ತಿ ಕೇಳಿಸಿಕೊಂಡರು. ಅವರ ಮೊದಲ ಮಾತು: ‘ಇದನ್ನೆಲ್ಲ ಬೋರ್ಡಲ್ಲಿ ಬಾಯಿ ಬಿಡಬೇಡ ಕಣೋ.’

ಅವರು ಕೆಟ್ಟವರಲ್ಲ. ಗಾಬರಿಯಾಗಿದ್ದರು. ಆಮೇಲೆ ಕೊಡಗಿನ ವೀರರ ಮಾತು ತೆಗೆದರು. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದ ಅಜ್ಜಮಾಡ ದೇವಯ್ಯ, ತನ್ನ ಹಳೆಯ ಮಿಸ್ಟೇರ್ ವಿಮಾನದಲ್ಲೇ ಪಾಕಿಸ್ತಾನದ ಸ್ಟಾರ್‌ಫೈಟರ್ ಹೊಡೆದು ಬೀಳಿಸಿ ತಾನೂ ಮರಳದೆ ಹೋದದ್ದು, ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅದೇ ಯುದ್ಧದಲ್ಲಿ ಸೆರೆಸಿಕ್ಕ ಕಾರ್ಯಪ್ಪನವರ ಮಗ. ಬಿಡುಗಡೆ ಮಾಡುತ್ತೇವೆ ಅಂತ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹೇಳಿ ಕಳಿಸಿದಾಗ, ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ ಅಂತ ಕಾರ್ಯಪ್ಪನವರು ಅಂದರಲ್ಲ, ಆ ಕಥೆ. ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ನನಗೂ ಅದು ಇಷ್ಟದ ಕಥೆಯೇ. ಆದರೆ ನಾವು ಹೇಳುವುದೆಲ್ಲ ಅಪ್ಪನ ಮಾತು. ಮುಂದೆ ಏರ್ ಮಾರ್ಷಲ್ ಆದ ಮಗನ ತಲೆಯಲ್ಲಿ ಆ ಸೆರೆಮನೆಯಲ್ಲಿ ಏನು ನಡೆದಿತ್ತು ಅಂತ ನಾವು ಕೇಳುವುದು ಕಡಿಮೆ.

ಚೇತನ್ ಅಂದ: ‘ಅಪ್ಪ, ದೇವಯ್ಯನವರಿಗೆ ಎದುರಿಗಿದ್ದ ವಿಮಾನ ಕಾಣ್ತಿತ್ತು. ಅದ್ರಲ್ಲಿದ್ದೋನೂ ಹೊಡೀತಿದ್ದ.’

ತಂದೆ ಉತ್ತರ ಕೊಡಲಿಲ್ಲ. ಕೊಡಲೇಬೇಕು ಅಂತೇನೂ ಇರಲಿಲ್ಲ.

ಆಗ ಹುಡುಗ ಒಂದು ರಾಜಿಗೆ ಬಂದ. ‘ಹಾಗಾದ್ರೆ ಟ್ರಾನ್ಸ್‌ಪೋರ್ಟ್ ಕೇಳ್ಕೊಳ್ತೀನಿ ಮೇಡಂ. ಇಲ್ಲಾಂದ್ರೆ ಹೆಲಿಕಾಪ್ಟರ್.’ ಇದು ಬಹಳ ಮಕ್ಕಳು ಹಿಡಿಯುವ ದಾರಿ. ಅದನ್ನು ನಾನು ಒಪ್ಪಲಿಲ್ಲ. ಹೈದರಾಬಾದ್ ಹತ್ತಿರದ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಪಿಲಾಟಸ್ ತರಬೇತಿ ವಿಮಾನದ ಮೇಲೆ ಕೈ ಪಳಗಿಸಿದ ಮೇಲೆ ದಾರಿ ಮೂರಾಗುತ್ತದೆ. ಫೈಟರ್‌ನವರು ಮುಂದೆ ಬೀದರ್‌ನಲ್ಲಿ ಹಾಕ್ ಜೆಟ್ ಹಾರಿಸುತ್ತಾರೆ, ಸಾಗಣೆ ವಿಮಾನದವರು ಯಲಹಂಕಕ್ಕೆ, ಹೆಲಿಕಾಪ್ಟರ್‌ನವರು ಹಕೀಂಪೇಟೆಗೆ. ನಮ್ಮ ಇಷ್ಟ ಕೇಳುತ್ತಾರೆ, ಆದರೆ ತೀರ್ಮಾನಿಸುವುದು ಪಡೆಯ ಅಗತ್ಯ ಮತ್ತು ನಮ್ಮ ಹಾರಾಟದ ಅಂಕ. ಅದಿರಲಿ. ಎಚ್ಎಎಲ್‌ನ ‘ಪ್ರಚಂಡ’ ಕೂಡ ಹೆಲಿಕಾಪ್ಟರೇ, ಆದರೆ ಅದು ಪ್ರವಾಹದಲ್ಲಿ ಸಿಕ್ಕವರನ್ನು ಎತ್ತಲು ಕಟ್ಟಿದ್ದಲ್ಲ. ಮದ್ದುಗುಂಡು ಹೊತ್ತು ಹೋಗುವ ವಿಮಾನವೂ ಯುದ್ಧದ ಭಾಗವೇ.

ಇದರ ಇನ್ನೊಂದು ಮುಖವನ್ನೂ ಅವನ ಮುಂದಿಟ್ಟೆ. ಉಕ್ರೇನ್ ತನ್ನ ಮೊದಲ ಎಫ್-16 ವಿಮಾನವನ್ನೂ ಅದರ ಪೈಲಟ್‌ನನ್ನೂ ಕಳೆದುಕೊಂಡದ್ದು 2024ರ ಆಗಸ್ಟ್ 26ರಂದು. ಊರುಗಳ ಮೇಲೆ ಬರುತ್ತಿದ್ದ ರಷ್ಯದ ಕ್ಷಿಪಣಿ, ಡ್ರೋನುಗಳನ್ನು ತಡೆಯುವ ಕೆಲಸದಲ್ಲಿ. ಕೆಳಗಿದ್ದ ಎಷ್ಟೋ ಮನೆಯವರು ಅಂಥವರಿಂದ ಬದುಕಿದ್ದಾರೆ. ಒಂದೇ ಸಮವಸ್ತ್ರ, ಒಂದೇ ತರಬೇತಿ. ಇವತ್ತು ಈ ಕೆಲಸ, ನಾಳೆ ಆ ಕೆಲಸ. ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳಲು ಆಗುವುದಿಲ್ಲ. ಪೂರ್ತಿಯಾಗಿ ನೋಡು, ಆಮೇಲೆ ಹೂಂ ಅನ್ನು ಅಥವಾ ಉಹೂಂ ಅನ್ನು ಅಂದೆ.

ನಾನು ಕೊಟ್ಟ ಸಲಹೆ ಇದು. ವಿಡಿಯೊ ನೋಡುವುದನ್ನು ನಿಲ್ಲಿಸು, ಗ್ರೂಪಿನಿಂದ ಹೊರಗೆ ಬಾ. ನಿವೃತ್ತ ವಾಯುಪಡೆ ಅಧಿಕಾರಿಯೊಬ್ಬರನ್ನು ಕಂಡು ಇದೇ ಪ್ರಶ್ನೆ ಕೇಳು. ಆಯ್ಕೆಯಾಗುವುದು ಹೇಗೆ ಅಂತ ಕೇಳಬೇಡ, ಅದಕ್ಕೆ ಯೂಟ್ಯೂಬ್ ಇದೆ. ಯುದ್ಧಕ್ಕೂ ಕಾನೂನು ಇದೆ, ಅದನ್ನು ಓದು. ಜಿನೀವಾ ಒಪ್ಪಂದಗಳಿಗೆ ನಮ್ಮ ಸಂಸತ್ತು 1960ರಲ್ಲೇ ಕಾಯ್ದೆ ಮಾಡಿದೆ. ಯಾರನ್ನು ಹೊಡೆಯಬಾರದು ಅನ್ನುವುದು ಒಬ್ಬ ಪೈಲಟ್‌ನ ತಲೆನೋವು ಮಾತ್ರ ಅಲ್ಲ ಅಂತ ಗೊತ್ತಾಗಲಿ. ಕಾನೂನು ಓದಿದರೆ ಮನಸ್ಸು ಹಗುರಾಗುತ್ತದೆ ಅಂತ ನಾನು ಹೇಳಲಿಲ್ಲ. ಆದರೆ ಒಬ್ಬನೇ ಹೊರುವ ಭಾರ ಅಲ್ಲ ಅನ್ನುವುದು ತಿಳಿದಿರಬೇಕು.

ಕೊನೆಯದು ಎಲ್ಲರಿಗೂ ಸಿಟ್ಟು ತರಿಸಿತು. ಈ ಸಲದ ಬೋರ್ಡಿಗೆ ಹೋಗಬೇಡ ಅಂದೆ.

ಕಾರಣ ತೀರ ಲೆಕ್ಕಾಚಾರದ್ದು. ಎಎಫ್‌ಕ್ಯಾಟ್ ವರ್ಷಕ್ಕೆರಡು ಸಲ ನಡೆಯುತ್ತದೆ. ಫ್ಲೈಯಿಂಗ್ ಶಾಖೆಗೆ 24 ವರ್ಷದವರೆಗೆ ಅವಕಾಶ ಇದೆ, ಇವನಿಗಿನ್ನೂ 21. ಆದರೆ ಪೈಲಟ್ ಆಗುವವರು ದಾಟಬೇಕಾದ ಸಿಪಿಎಸ್ಎಸ್ ಅನ್ನುವ ಯಂತ್ರದ ಪರೀಕ್ಷೆಗೆ ಕೂರಲು ಬಿಡುವುದು ಜೀವಮಾನದಲ್ಲಿ ಒಂದೇ ಸಲ. ಕೈ, ಕಾಲು, ಕಣ್ಣು ಮೂರನ್ನೂ ಒಟ್ಟಿಗೆ ಆಡಿಸಬೇಕು. ಅದರಲ್ಲಿ ಫೇಲಾದರೆ ಎನ್‌ಡಿಎ, ಸಿಡಿಎಸ್‌ನಂಥ ಬೇರೆ ಪ್ರವೇಶ ಪರೀಕ್ಷೆಗಳ ಯಾವ ದಾರಿಯಿಂದ ಬಂದರೂ ಮತ್ತೆ ಅವಕಾಶ ಇಲ್ಲ. ವಾರಗಟ್ಟಲೆ ನಿದ್ದೆಯಿಲ್ಲದ ಹುಡುಗನನ್ನು ಅದರ ಮುಂದೆ ಕೂರಿಸುವುದು ಯಾವ ಧೈರ್ಯ? ‘ಹೋಗಿ ನೋಡ್ಲಿ, ಅನುಭವ ಆಗ್ಲಿ’ ಅನ್ನುವ ಮಾತು ಬೇರೆ ಪರೀಕ್ಷೆಗಳಿಗೆ ಸರಿ, ಇದಕ್ಕೆ ಅಲ್ಲ.

ಕೋಚಿಂಗ್ ನಡೆಸುವವರೊಬ್ಬರು ಫೋನ್ ಮಾಡಿ ಜಗಳ ತೆಗೆದರು. ದೇಶದಲ್ಲಿ ಪೈಲಟ್‌ಗಳೇ ಇಲ್ಲ, ನೀವು ಇರೋರನ್ನೂ ಓಡಿಸ್ತಿದ್ದೀರಿ ಅಂತ. ಕೊರತೆ ಇರುವುದು ನಿಜ. 2021ರ ಕೊನೆಗೆ 596 ಪೈಲಟ್‌ಗಳ ಕೊರತೆ ಇತ್ತು ಅಂತ ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಸಿಎಜಿಯ ವರದಿಯೇ ಹೇಳಿದೆ. ಆದರೆ ಆ 596ರ ಭಾರವನ್ನು 21 ವರ್ಷದ ಒಬ್ಬ ಹುಡುಗನ ಹೆಗಲ ಮೇಲೆ ಹಾಕುವುದು ಯಾವ ನ್ಯಾಯ? ಆ ವರದಿ ತರಬೇತಿಯ ವಿಮಾನ, ಯೋಜನೆಗಳ ಲೋಪವನ್ನೂ ಎತ್ತಿ ತೋರಿಸಿದೆ. ಅದು ನನ್ನ ಕೋಣೆಯಲ್ಲಿ ಬಗೆಹರಿಯುವ ವಿಷಯ ಅಲ್ಲ.

ಇನ್ನೊಬ್ಬ ಹಿರಿಯರ ಆಕ್ಷೇಪಕ್ಕೆ ಹೆಚ್ಚು ತೂಕ ಇದೆ. ಹೀಗೆಲ್ಲ ಯೋಚಿಸುವವನು ಸಮಯಕ್ಕೆ ಸರಿಯಾಗಿ ಗುಂಡಿ ಒತ್ತುವುದಿಲ್ಲ, ಅವನ ಜೊತೆಗಾರರು ಸಾಯುತ್ತಾರೆ ಅಂತ. ನಾನು ನಂಬಿರುವುದು ಇದಕ್ಕೆ ತದ್ವಿರುದ್ಧ. ಕೈ ತಡವರಿಸುವುದು ಆ ಪ್ರಶ್ನೆ ಮೊದಲ ಸಲ ಎದುರಾದಾಗ. ಇಪ್ಪತ್ತೊಂದಕ್ಕೇ ಅದನ್ನು ಎದುರಿಸಿ, ಗೊತ್ತಿದ್ದೇ ಹೋದವನು ಹೆಚ್ಚು ಗಟ್ಟಿ. ವಿಯಟ್ನಾಂ ಯುದ್ಧದಿಂದ ಮರಳಿದವರ ಜೊತೆ ವರ್ಷಗಟ್ಟಲೆ ಕೂತ ಅಮೆರಿಕದ ಮನೋವೈದ್ಯ ಜೊನಾಥನ್ ಶೇ, ಸೈನಿಕರನ್ನು ಒಳಗೊಳಗೇ ತಿನ್ನುವುದು ಬರೀ ಭಯ ಅಲ್ಲ, ಸರಿಯಾದದ್ದಕ್ಕೆ ಮೇಲಿನವರೇ ದ್ರೋಹ ಮಾಡಿದ್ದು ಅಂತ ಗುರುತಿಸಿದರು. ಸರಿಯಲ್ಲ ಅಂತ ಅನ್ನಿಸಿದ್ದರಲ್ಲಿ ತಾವೂ ಭಾಗಿಯಾಗಿದ್ದನ್ನು ಆಮೇಲಿನ ಸಂಶೋಧಕರು ಅದಕ್ಕೆ ಸೇರಿಸಿದರು. ಈಗಂತೂ ದೂರ ಇದ್ದರೆ ಕಾಣುವುದಿಲ್ಲ ಅನ್ನುವ ಹಾಗೂ ಇಲ್ಲ. ಅಮೆರಿಕದ ನೆವಾಡಾದಲ್ಲಿರುವ ಕ್ರೀಚ್ ನೆಲೆಯಿಂದ ಡ್ರೋನ್ ಹಾರಿಸುವವರು ಪಾಳಿ ಮುಗಿಸಿ ಕಾರು ಹತ್ತಿ ಮನೆಗೆ ಹೋಗುತ್ತಾರೆ. ಆದರೆ ಕೆಳಗಿರುವ ಅಂಗಳವನ್ನು ದಿನಗಟ್ಟಲೆ ನೋಡಿರುತ್ತಾರೆ. ಅವರಲ್ಲೂ ಎಷ್ಟೋ ಜನ ನಿದ್ದೆಗೆಟ್ಟಿದ್ದಾರೆ.

ಚೇತನ್ ಆ ಬೋರ್ಡಿಗೆ ಹೋಗಲಿಲ್ಲ. ತಂದೆ ಸ್ವಲ್ಪ ದಿನ ನನ್ನ ಫೋನ್ ಎತ್ತಲಿಲ್ಲ. ನಿವೃತ್ತ ಅಧಿಕಾರಿಯ ಮನೆಗೆ ಮಾತ್ರ ಅವರೇ ಮಗನನ್ನು ಕರೆದುಕೊಂಡು ಹೋದರು, ಹೊರಗೆ ಜಗಲಿಯಲ್ಲಿ ಕಾದು ಕೂತರು. ಒಳಗೆ ಏನು ಮಾತಾಯಿತು ಅಂತ ಅವರೂ ಕೇಳಿಲ್ಲ, ನಾನೂ ಕೇಳಿಲ್ಲ. ಹುಡುಗ ಮುಂದಿನ ಎಎಫ್‌ಕ್ಯಾಟ್‌ಗೆ ಮತ್ತೆ ಅರ್ಜಿ ಹಾಕಿದ. ವಿಮಾನ ಹಾರಿಸದ ತಾಂತ್ರಿಕ ಶಾಖೆ, ಅಂದರೆ ಗ್ರೌಂಡ್ ಡ್ಯೂಟಿ ಟೆಕ್ನಿಕಲ್ ಕೂಡ ಸೇರಿಸಿದ್ದಾನೆ, ಆದರೆ ಮೊದಲ ಆಯ್ಕೆ ಫ್ಲೈಯಿಂಗೇ. ಅದನ್ನು ನನ್ನ ಗೆಲುವು ಅಂತ ನಾನು ಎಣಿಸಿಲ್ಲ. ಅವನು ಫ್ಲೈಯಿಂಗ್ ಬಿಟ್ಟಿದ್ದರೂ ಸೋಲು ಅಂತ ಎಣಿಸುತ್ತಿರಲಿಲ್ಲ.

ಇಂಥ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ನೀವೇ ಮೊದಲು ಕೇಳಿ. ಊಟ ಮಾಡುವಾಗ ಬೇಡ, ನೆಂಟರ ಮುಂದೆ ಬೇಡ. ಬೈಕಿನಲ್ಲಿ ಹೋಗುವಾಗಲೋ ತೋಟದಲ್ಲಿ ಕೆಲಸ ಮಾಡುವಾಗಲೋ, ಮುಖ ನೋಡದೆ ಮಾತಾಡುವ ಜಾಗದಲ್ಲಿ ಕೇಳಿ. ಅವರು ಏನೇ ಹೇಳಿದರೂ ತಕ್ಷಣ ದೇಶಭಕ್ತಿಯ ಉದಾಹರಣೆ ಕೊಡಬೇಡಿ. ‘ಹಾಗಾದ್ರೆ ಬಿಟ್ಬಿಡು’ ಅಂತಲೂ ಅನ್ನಬೇಡಿ. ಶಾರ್ಟ್ ಸರ್ವಿಸ್, ಅಂದರೆ ಸೀಮಿತ ಅವಧಿಯ ಸೇವೆ ಅಂದರೂ ಫ್ಲೈಯಿಂಗ್‌ನಲ್ಲಿ 14 ವರ್ಷ. ಒಂದು ಸಂಜೆಯಲ್ಲಿ ಮುಗಿಯುವ ಮಾತಲ್ಲ ಇದು.

ಸಲಹೆಗಾರರ ಹತ್ತಿರ ಬಂದದ್ದು ಮುಂದೆ ಮೆಡಿಕಲ್‌ನಲ್ಲಿ ಅಡ್ಡ ಬರುತ್ತಾ ಅಂತ ಬಹಳ ಜನ ಪಿಸುಗುಟ್ಟಿ ಕೇಳುತ್ತಾರೆ. ಮನಸ್ಸು ಬಿಚ್ಚಿ ಮಾತಾಡುವುದು ಕಾಯಿಲೆ ಅಲ್ಲ. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೋ ಇನ್ನೆಲ್ಲೋ ಪರೀಕ್ಷೆಗೆ ಹೋದಾಗ ಫಾರಂನಲ್ಲಿ ಕೇಳಿದ್ದಕ್ಕೆ ನಿಜ ಬರೆಯಿರಿ, ಸುಳ್ಳು ಬರೆಯಬೇಡಿ. ನಿದ್ದೆ, ಊಟ ಎರಡೂ ಕೆಟ್ಟು ಎರಡು ವಾರ ದಾಟಿದರೆ ಬೋರ್ಡು, ಪರೀಕ್ಷೆ ಎಲ್ಲ ಪಕ್ಕಕ್ಕಿಟ್ಟು ಮೊದಲು ಯಾರಿಗಾದರೂ ತೋರಿಸಿ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.